ಬಳ್ಳಿ ಬಂತು, ಸೊಸೈಟಿ ಬರಲಿಲ್ಲ

ವೈನ್ ಬಗ್ಗೆ ಕನ್ನಡದಲ್ಲಿ ಬರೆಯುವವರೂ ಭಾಷಣ ಮಾಡುವವರೂ ಒಪ್ಪಿಕೊಂಡು ಕೂತಿರುವ ಒಂದು ವಾದವಿದೆ. ನಮ್ಮ ಒಣಸೀಮೆಯ ಹವೆಗೂ ಮೆಡಿಟರೇನಿಯನ್ ಸಮುದ್ರದ ದ್ವೀಪಗಳ ಹವೆಗೂ ಹೆಚ್ಚು ವ್ಯತ್ಯಾಸವಿಲ್ಲ. ಸೈಪ್ರಸ್ಸಿನ, ಸಿಸಿಲಿಯ ರೈತ ದ್ರಾಕ್ಷಿ ಹಿಂಡಿ ಬಾಳಿದ ಹಾಗೆ ನಮ್ಮ ರೈತನೂ ಬಾಳಬಹುದು. ಅಡ್ಡ ನಿಂತಿರುವುದು ಅಬಕಾರಿ ಸುಂಕ ಮತ್ತು ಕುಡಿತವೆಂದರೆ ಮೂಗು ಮುರಿಯುವ ನಮ್ಮ ಮಡಿವಂತಿಕೆ, ಅಷ್ಟೇ. ದ್ರಾಕ್ಷಾರಸ ಉತ್ಸವಗಳ ವೇದಿಕೆಯ ಮೇಲೆ ಈ ಮಾತು ಕೇಳುತ್ತದೆ, ಕೃಷಿ ಪುರವಣಿಗಳಲ್ಲಿ ಅಚ್ಚಾಗುತ್ತದೆ. 2007ರಲ್ಲಿ ರಾಜ್ಯ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದಾಗ ಅದರ ಬೆನ್ನಿಗಿದ್ದದ್ದೂ ಹೆಚ್ಚುಕಡಿಮೆ ಇದೇ ನಂಬಿಕೆ. ರಾಜ್ಯದ ವೈನ್ ನಕ್ಷೆಯಲ್ಲಿ ನಂದಿ ಕಣಿವೆ, ಕೃಷ್ಣಾ ಕಣಿವೆಗಳ ಪಕ್ಕದಲ್ಲಿ ಕಾವೇರಿ ಕಣಿವೆ ಎಂಬ ಹೆಸರೂ ಸೇರಿದ್ದು ಇದರಿಂದಲೇ.

ಆ ಕಾವೇರಿ ಕಣಿವೆಯ ಅಂಚಿನಲ್ಲಿ ಚಾಮರಾಜನಗರ ಜಿಲ್ಲೆಯ ನಮ್ಮ ಕುದೇರು ಬರುತ್ತದೆ. ಸಂತೇಮರಹಳ್ಳಿ, ಮೂಗೂರು ದಾಟಿದರೆ ಟಿ. ನರಸೀಪುರ; ಆ ತಾಲ್ಲೂಕಿನಲ್ಲಿ ಆಲ್ಪೈನ್ ಎಂಬ ವೈನರಿಯೂ ಇದೆ. ಅಲ್ಲಿ ಬೆಳೆದದ್ದು ಇಲ್ಲೂ ಬೆಳೆದೀತು. ಕಂಬ ನೆಡಬೇಕೆಂದರೆ ಕರಿಕಲ್ಲಿನ ಜಿಲ್ಲೆಯಲ್ಲಿ ಕಲ್ಲಿಗೆ ಬರವಿಲ್ಲ. ಹಾಗಿದ್ದರೂ ಈ ವಾದ ಬುಡದಲ್ಲೇ ತಪ್ಪು ಎನ್ನುವುದು ನನ್ನ ಅಭಿಪ್ರಾಯ. ಇಲ್ಲಿ ವೈನ್ ಆಗುವುದಿಲ್ಲ ಎಂದು ನಾನು ಹೇಳುತ್ತಿಲ್ಲ, ಆಗುತ್ತದೆ, ಆಗಿದೆ. ದ್ವೀಪದ ರೈತ ಬಾಳಿದ್ದು ಹವೆಯಿಂದ, ತಳಿಯಿಂದ ಎಂದು ತಿಳಿದದ್ದು ತಪ್ಪು. ಅವನು ಉಳಿದುಕೊಂಡಷ್ಟು ಉಳಿದದ್ದು ಹಣ್ಣು ಹಿಂಡುವ ತೊಟ್ಟಿಯಲ್ಲಿ ಅವನಿಗೂ ಒಂದು ಪಾಲು ಇದ್ದದ್ದರಿಂದ. ನಾವು ಅಲ್ಲಿಂದ ಬಳ್ಳಿಯನ್ನು ತರಲು ಹೊರಟೆವು, ಸೊಸೈಟಿಯನ್ನು ಅಲ್ಲೇ ಬಿಟ್ಟೆವು.

ಮೊದಲು ಹವೆಯ ಮಾತು ಮುಗಿಸಿಬಿಡೋಣ. ಸೈಪ್ರಸ್ಸಿನಲ್ಲಿ ಮಳೆ ಬೀಳುವುದು ಚಳಿಗಾಲದಲ್ಲಿ. ನವೆಂಬರಿನಿಂದ ಮಾರ್ಚಿನವರೆಗೆ ನೆಲ ನೆನೆಯುತ್ತದೆ. ಆಗ ಬಳ್ಳಿ ಎಲೆ ಉದುರಿಸಿ ನಿದ್ದೆ ಮಾಡುತ್ತಿರುತ್ತದೆ. ವಸಂತದಲ್ಲಿ ಎದ್ದು, ಹನಿ ಮಳೆಯಿಲ್ಲದ ಬೇಸಿಗೆಯಲ್ಲಿ ಕಾಯಿ ತುಂಬಿ, ಆಗಸ್ಟ್ ಸೆಪ್ಟೆಂಬರ್ ಹೊತ್ತಿಗೆ ಹಣ್ಣಾಗುತ್ತದೆ. ಚಾಮರಾಜನಗರದ ಮಳೆಯ ಲೆಕ್ಕ ಇದಕ್ಕೆ ತಿರುಗುಮುರುಗು. ನಮಗೆ ಮೇ ತಿಂಗಳಲ್ಲಿ ಒಂದು ಹದ, ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಇನ್ನೊಂದು ಹದ. ಚಳಿಗಾಲ ಎನ್ನುವುದು ಶಾಲು ಹೊದೆಯುವಷ್ಟು ಮಾತ್ರ. ಬಳ್ಳಿ ಮಲಗುವುದೇ ಇಲ್ಲ. ಮಲಗದ ಬಳ್ಳಿಯನ್ನು ಕತ್ತರಿ ಹಾಕಿ ಎಬ್ಬಿಸಬೇಕು. ವಿಜಯಪುರದ ರೈತರು ಏಪ್ರಿಲ್ ಚಾಟಣಿ, ಅಕ್ಟೋಬರ್ ಚಾಟಣಿ ಎಂದು ವರ್ಷಕ್ಕೆ ಎರಡು ಸಲ ಸವರುವುದು ಅದಕ್ಕೇ: ಮೊದಲನೆಯದು ಕಡ್ಡಿಗೆ, ಎರಡನೆಯದು ಕಾಯಿಗೆ. ಅಕ್ಟೋಬರಿನಲ್ಲಿ ಸವರಿದ ಮೇಲೆ ಮೊಗ್ಗೊಡೆಯಲೆಂದು ಕಣ್ಣುಗಳಿಗೆ ರಾಸಾಯನಿಕ ಹಚ್ಚುವುದೂ ಇದೆ. ಚಿಗುರು ಬಿಟ್ಟ ಆ ಎಳೆ ದಿನಗಳಲ್ಲೇ ಹಿಂಗಾರು ಹಿಡಿದುಕೊಂಡರೆ ಎಲೆಯಡಿ ಬಿಳಿ ಬೂಷ್ಟು ಕಟ್ಟುವ ಡೌನಿ ರೋಗ. ಮೈಲುತುತ್ತು, ಸುಣ್ಣ ಕದಡಿದ ಬೋರ್ಡೋ ದ್ರಾವಣದಿಂದ ಹಿಡಿದು ಇವತ್ತಿನ ದುಬಾರಿ ಔಷಧಿಗಳವರೆಗೆ ಸಿಂಪಡಿಸಿದ್ದೇ ಸಿಂಪಡಿಸಿದ್ದು.

ನ್ಯಾಯವಾಗಿ ಹೇಳಬೇಕಾದ ಇನ್ನೊಂದು ಮಾತೂ ಉಂಟು. ಅಕ್ಟೋಬರಿನಲ್ಲಿ ಸವರಿದ ಬಳ್ಳಿ ಹಣ್ಣಾಗುವುದು ಫೆಬ್ರವರಿ, ಮಾರ್ಚಿನಲ್ಲಿ. ಆಗ ಹಗಲು ಒಣ ಬಿಸಿಲು, ರಾತ್ರಿ ತಂಪು. ಹಣ್ಣಿಗೆ ಸಕ್ಕರೆ ಕೂಡುವುದಕ್ಕೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಕನ್ವಲ್ ಗ್ರೋವರ್ 1980ರ ದಶಕದಲ್ಲಿ ಫ್ರಾನ್ಸಿನ ತಜ್ಞರನ್ನು ಕರೆತಂದು, ನಂದಿ ಬೆಟ್ಟದ ಬುಡದಲ್ಲಿ, ದೊಡ್ಡಬಳ್ಳಾಪುರದ ಬಳಿ ಫ್ರೆಂಚ್ ತಳಿಗಳನ್ನು ಪಳಗಿಸಿ ತೋರಿಸಿದ್ದು ಇದನ್ನೇ. ಅವರ ವೈನ್ ಹೊರದೇಶಗಳಲ್ಲೂ ಹೆಸರು ಮಾಡಿತು. ಆದರೆ ಅದು ಇಲ್ಲಿನ ಹವೆಯನ್ನು ತಿಳಿದು ಬಗ್ಗಿಸಿದ ಜಾಣ್ಮೆ, ದುಡ್ಡು, ತಾಳ್ಮೆಗಳ ಫಲ. ಮೆಡಿಟರೇನಿಯನ್ ಹವೆ ಇಲ್ಲೇ ಬಿದ್ದಿದೆ, ಕಡ್ಡಿ ಊರಿದರೆ ಸಾಕು ಎಂದು ರೈತನಿಗೆ ಹೇಳುವವರು ಈ ಖರ್ಚಿನ ಪಟ್ಟಿಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡೇ ಮಾತಾಡುತ್ತಾರೆ.

ಇನ್ನು ದ್ವೀಪದ ಕಥೆ. ಪ್ರವಾಸಿ ಲೇಖನಗಳಲ್ಲಿ ಸೈಪ್ರಸ್ ಎಂದರೆ ಕಮಾಂಡರಿಯಾ. ಮಧ್ಯಯುಗದ ಧರ್ಮಯೋಧರು ಕೊಲೋಸ್ಸಿ ಕೋಟೆಯಲ್ಲಿ ಕೂತು ಆಳಿದ ಸೀಮೆಯ ಹೆಸರನ್ನೇ ಹೊತ್ತ ಸಿಹಿ ವೈನ್. ಟ್ರೂಡೋಸ್ ಬೆಟ್ಟದ ತೆಂಕಣ ಇಳಿಜಾರಿನ 14 ಹಳ್ಳಿಗಳಲ್ಲಿ ಮಾತ್ರ ಆಗುವಂಥದ್ದು. ಅದು ನಿಜ, ಆದರೆ ಅಷ್ಟೇ ನಿಜವಲ್ಲ. ಇಪ್ಪತ್ತನೆಯ ಶತಮಾನದ ಬಹುಭಾಗ ಆ ದ್ವೀಪದ ದ್ರಾಕ್ಷಿ ಹೋದದ್ದು ಅಗ್ಗದ ಸರಕಿಗೆ. ಲಿಮಸ್ಸೋಲ್ ಬಂದರಿನ ಬಳಿ ನಾಲ್ಕು ದೊಡ್ಡ ಕಾರ್ಖಾನೆಗಳು: ಎಟ್ಕೊ, ಕಿಯೊ, ಲೋಎಲ್, ಸೋಡಾಪ್. ಬೆಟ್ಟದ ಹಳ್ಳಿಗಳಲ್ಲಿ ಕೊಯ್ದ ಹಣ್ಣು ಸುಡುಬಿಸಿಲಿನಲ್ಲಿ ಲಾರಿಯೇರಿ ಕರಾವಳಿಗೆ ಇಳಿಯಬೇಕು. ಕಾರ್ಖಾನೆ ಬಾಗಿಲು ಮುಟ್ಟುವಷ್ಟರಲ್ಲಿ ಅಡಿಯ ಗೊಂಚಲು ಜಜ್ಜಿ ಹುಳಿಯಲು ಶುರುವಾಗಿರುತ್ತಿತ್ತು. ಅದರಿಂದ ಆದದ್ದು ಬ್ರಿಟನ್ನಿಗೆ ಹೋಗುತ್ತಿದ್ದ ‘ಸೈಪ್ರಸ್ ಶೆರ್ರಿ’, ಪೂರ್ವ ಯುರೋಪಿಗೆ ಹೋಗುತ್ತಿದ್ದ ಸಗಟು ವೈನ್. ಸೋವಿಯತ್ ಬಣ ಒಡೆದಾಗ ಒಂದು ಮಾರುಕಟ್ಟೆ ಹೋಯಿತು. ಶೆರ್ರಿ ಎಂಬ ಹೆಸರು ಸ್ಪೇನಿನ ಹೆರೆಸ್ ಸೀಮೆಗೆ ಮಾತ್ರ ಎಂದು ಯುರೋಪ್ ಕಟ್ಟುಮಾಡಿದ್ದರಿಂದ 1996ರ ಹೊತ್ತಿಗೆ ಇನ್ನೊಂದೂ ಕೈತಪ್ಪಿತು. 2004ರಲ್ಲಿ ಯುರೋಪಿನ ಒಕ್ಕೂಟ ಸೇರಿದ ಮೇಲೆ, ಹೆಚ್ಚಾದ ಬಳ್ಳಿಗಳನ್ನು ಬುಡಸಮೇತ ಕೀಳುವುದಕ್ಕೇ ಪರಿಹಾರಧನ ಬಂತು. ಫ್ರಾನ್ಸಿನ ತೋಟಗಳನ್ನೆಲ್ಲ ಹತ್ತೊಂಬತ್ತನೆಯ ಶತಮಾನದಲ್ಲಿ ತಿಂದುಹಾಕಿದ ಫಿಲಾಕ್ಸೆರಾ ಕೀಟ ಸೈಪ್ರಸ್ಸನ್ನು ಮುಟ್ಟಲಿಲ್ಲ. ಕೀಟದಿಂದ ಉಳಿದ ಬಳ್ಳಿಗಳನ್ನು ಮಾರುಕಟ್ಟೆ ಕಿತ್ತಿತು.

ಸಿಸಿಲಿಯದೂ ಬಹಳ ಬೇರೆ ಕಥೆಯಲ್ಲ. ಎಷ್ಟೋ ದಶಕ ಅಲ್ಲಿನ ಗಾಢ ವೈನ್ ಟ್ಯಾಂಕರುಗಳಲ್ಲಿ ಉತ್ತರಕ್ಕೆ ಹೋಗಿ, ಬಡಕಲು ವೈನುಗಳಿಗೆ ಬಣ್ಣವೂ ಕಸುವೂ ಕೊಡುವ ಬೆರಕೆ ಮಾಲಾಗಿತ್ತು. ಮಾರಾಟವಾಗದೆ ಉಳಿದದ್ದನ್ನು ಯುರೋಪಿನ ಸರ್ಕಾರಗಳ ದುಡ್ಡಿನಲ್ಲಿ ಭಟ್ಟಿ ಇಳಿಸಿ ಮುಗಿಸುತ್ತಿದ್ದರು. ನಮ್ಮ ಭಾಷಣಕಾರರು ತೋರಿಸುವ ಆ ಹಸಿರು ಇಳಿಜಾರಿನ ಚಿತ್ರದ ಹಿಂದೆ ಇದೆಲ್ಲ ಇದೆ.

ಹಾಗಾದರೆ ಅಲ್ಲಿನ ರೈತ ಉಳಿದದ್ದು ಹೇಗೆ? ಸೋಡಾಪ್ ಎಂಬುದು 1947ರಲ್ಲಿ ದ್ರಾಕ್ಷಿ ಬೆಳೆಗಾರರೇ ಕಟ್ಟಿಕೊಂಡ ಸಹಕಾರ ಸಂಘ. ಸಿಸಿಲಿಯ ಮೆನ್ಫಿ ಊರಿನಲ್ಲಿ 1958ರಲ್ಲಿ ಹುಟ್ಟಿದ ಸೆಟ್ಟೆಸೋಲಿ ಸಹಕಾರ ಸಂಘಕ್ಕೆ ಇವತ್ತು ಸುಮಾರು ಎರಡು ಸಾವಿರ ಬೆಳೆಗಾರ ಸದಸ್ಯರು. ಒಬ್ಬೊಬ್ಬರದು ಸಣ್ಣ ಸಣ್ಣ ಹಿಡುವಳಿ. ಸಾರ್ಡೀನಿಯಾದಲ್ಲಿ ಊರೂರಿಗೆ ಸಂಘದ ಹಿಂಡುಮನೆಗಳು. ಇವು ಪುಣ್ಯದ ಸಂಸ್ಥೆಗಳೇನೂ ಅಲ್ಲ. ಸಂಘಗಳೂ ಸೋಮಾರಿಯಾದವು, ತೂಕಕ್ಕೆ ದುಡ್ಡು ಕೊಡುತ್ತಿದ್ದಷ್ಟು ಕಾಲ ರೈತರು ನೀರು ಕುಡಿಸಿ ತೂಕ ಹೆಚ್ಚಿಸಿದರು, ವೈನ್ ನೀರಾಯಿತು. ತಿದ್ದಿಕೊಂಡದ್ದು ಎರಡು ದಾರಿಯಲ್ಲಿ. ಹಣ್ಣಿನ ತೂಕ ಬಿಟ್ಟು ಗುಣಕ್ಕೆ ಬೆಲೆ ಕಟ್ಟಿದ್ದು ಒಂದು. ಹಿಂಡುವ ಕಾರ್ಖಾನೆಯನ್ನು ಬಂದರಿನಿಂದ ಎತ್ತಿ ತೋಟದ ಬಳಿಗೆ ಒಯ್ದದ್ದು ಇನ್ನೊಂದು. ಸೈಪ್ರಸ್ ಸರ್ಕಾರ 1980ರ ದಶಕದಿಂದ ಬೆಟ್ಟದ ಹಳ್ಳಿಗಳಲ್ಲೇ ಸಣ್ಣ ವೈನರಿಗಳಿಗೆ ನೆರವು ಕೊಟ್ಟಿತು. ಸೋಡಾಪ್ ಕೂಡ 2004ರಲ್ಲಿ ಪಾಫೋಸ್ ಬೆಟ್ಟದ ಸ್ಟ್ರೂಂಬಿ ಹಳ್ಳಿಗೆ ಹೊಸ ಘಟಕವನ್ನು ಏರಿಸಿತು. ಒಡೆತನ, ತೋಟದ ನೆರೆಯ ಕಾರ್ಖಾನೆ, ಗುಣಕ್ಕೆ ಬೆಲೆ: ಕಲಿಯಬೇಕಿದ್ದುದು ಇಷ್ಟನ್ನು.

ಕುದೇರಿನವರಿಗೆ ಇದು ಹೊಸ ಪಾಠವೇ ಅಲ್ಲ ಎನ್ನುವುದು ನನಗೆ ತಮಾಷೆಯಾಗಿ ಕಾಣುತ್ತದೆ. ಜಿಲ್ಲಾ ಹಾಲು ಒಕ್ಕೂಟವಾದ ಚಾಮುಲ್‌ನ ಘಟಕ ಇರುವುದು ನಮ್ಮೂರಿನಲ್ಲಿ. ಜಿಲ್ಲೆಯ ಊರೂರಿನ ಡೈರಿಗಳಲ್ಲಿ ಬೆಳಗು ಬೈಗು ಅಳೆದ ಹಾಲು ಇಲ್ಲಿಗೆ ಬರುತ್ತದೆ. ಒಂದು ಹಸು ಕಟ್ಟಿಕೊಂಡ ಹೆಂಗಸೂ ಅಲ್ಲಿ ಸದಸ್ಯೆ. ಹಾಲಿಗೆ ಬೆಲೆ ಬರೀ ಲೀಟರಿನ ಮೇಲಲ್ಲ, ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ನೋಡಿ. ವಾರಕ್ಕೋ ಹದಿನೈದು ದಿನಕ್ಕೋ ಬಟವಾಡೆ ಕೈಸೇರುತ್ತದೆ. ಸಿಸಿಲಿಯ ಸಂಘ ಹಣ್ಣಿನ ಸಕ್ಕರೆಯನ್ನು ಅಳೆದು ದುಡ್ಡು ಕೊಡುವುದಕ್ಕೂ ಇದಕ್ಕೂ ಬುದ್ಧಿಯಲ್ಲಿ ಯಾವ ಅಂತರವೂ ಇಲ್ಲ. ದ್ರಾಕ್ಷಿ ಹಾಕಿ ಎಂದು ನಮ್ಮ ಕಡೆಯ ರೈತನಿಗೆ ಯಾರಾದರೂ ಹೇಳಿದರೆ ಅವನು ಕೇಳುವ ಮೊದಲ ಪ್ರಶ್ನೆ ತಳಿಯದ್ದಲ್ಲ, ಹವೆಯದ್ದಲ್ಲ: “ಅದ್ಸರಿ ಬುದ್ಧಿ, ಬಟವಾಡೆ ಯಾವಾಗ?” ವೈನ್ ನೀತಿಯ ಪರವಾದ ವಾದಗಳಲ್ಲಿ ಈ ಒಂದು ಪ್ರಶ್ನೆಗೆ ನೆಟ್ಟಗಿನ ಉತ್ತರವನ್ನು ನಾನು ಈವರೆಗೆ ಓದಿಲ್ಲ.

ಉತ್ತರ ಸಿಗದಿರುವುದಕ್ಕೆ ಕಾರಣವಿದೆ. ವೈನ್ ದ್ರಾಕ್ಷಿ ಒಬ್ಬನೇ ಗಿರಾಕಿಯ ಬೆಳೆ. ತಿನ್ನುವ ದ್ರಾಕ್ಷಿಗೆ ನಾಲ್ಕು ಬಾಗಿಲು: ಸಂತೆ, ಮಂಡಿ, ಜ್ಯೂಸಿನವನು, ಕೊನೆಗೆ ಒಣಹಾಕಿ ಮಣೂಕ. ವಿಜಯಪುರದ ರೈತ ಇವತ್ತಿಗೂ ತಲೆ ಎತ್ತಿ ನಿಂತಿರುವುದು ವೈನಿನಿಂದಲ್ಲ, ಥಾಮ್ಸನ್ ಸೀಡ್‌ಲೆಸ್ ಜಾತಿಯ ಹಣ್ಣನ್ನು ಶೆಡ್ಡಿನ ಬಲೆಗಳ ಮೇಲೆ ಒಣಗಿಸಿ, ದರ ಬರುವ ತನಕ ಶೀತಲ ಗೃಹದಲ್ಲಿ ಇಡಬಲ್ಲ ಮಣೂಕದಿಂದ. ಕ್ಯಾಬರ್ನೆ, ಶಿರಾಜ್ ಗೊಂಚಲನ್ನು ಸಂತೆಗೆ ಒಯ್ದರೆ ಯಾರೂ ಮೂಸುವುದಿಲ್ಲ. ಕಾಳು ಚಿಕ್ಕದು, ಬೀಜ ದೊಡ್ಡದು, ಸಿಪ್ಪೆ ಒಗರು. ವೈನರಿಯವನು ಈ ವರ್ಷ ಬೇಡ ಎಂದರೆ ಹಣ್ಣು ಬಳ್ಳಿಯಲ್ಲೇ ಕೊಳೆಯಬೇಕು. ಇದೇನೂ ನನ್ನ ಕಲ್ಪನೆಯಲ್ಲ. ಮಹಾರಾಷ್ಟ್ರ 2001ರಲ್ಲೇ ವೈನ್ ನೀತಿ ತಂದಿತು. ನಾಸಿಕ್ ಸುತ್ತ ವೈನರಿಗಳು ಸಾಲು ಸಾಲಾಗಿ ಎದ್ದವು. ರೈತರು ವೈನ್ ತಳಿ ಹಾಕಿದರು. 2008ರ ಆರ್ಥಿಕ ಕುಸಿತದ ಬೆನ್ನಿಗೆ ಮಾರಾಟ ಬಿದ್ದಾಗ ಎಷ್ಟೋ ವೈನರಿಗಳು ಖರೀದಿ ನಿಲ್ಲಿಸಿದವು. ಕಲ್ಲುಕಂಬ, ತಂತಿ, ಡ್ರಿಪ್ಪಿಗೆಂದು ಸಾಲ ಮಾಡಿದ್ದ ರೈತರು ಬಳ್ಳಿ ಕಿತ್ತು ಮತ್ತೆ ತಿನ್ನುವ ದ್ರಾಕ್ಷಿಗೆ ಮರಳಿದರು. ಆ ಕಾಲದ ಉತ್ಸಾಹದ ಲೇಖನಗಳು ಇನ್ನೂ ಗ್ರಂಥಾಲಯಗಳಲ್ಲಿವೆ. ಕಿತ್ತ ಬಳ್ಳಿಯ ಬಗ್ಗೆ ಬರೆದವರು ಕಡಿಮೆ.

ಒಬ್ಬನೇ ಗಿರಾಕಿಯ ಬೆಳೆ ಎಂದರೇನು ಎಂದು ಚಾಮರಾಜನಗರ ಜಿಲ್ಲೆಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಕಬ್ಬು ಬೆಳೆದವನು ಕಟಾವಿನ ಸರದಿಗಾಗಿ ಕಾದು ಕೂತು, ಗದ್ದೆಯಲ್ಲಿ ಕಬ್ಬಿಗೆ ಹೂ ಬಂದದ್ದನ್ನು ನೋಡಿದ್ದಾನೆ. ಗುಂಡ್ಲುಪೇಟೆ ಕಡೆ ಬಣ್ಣ ತೆಗೆಯುವುದಕ್ಕೆಂದು ಕರಾರಿನ ಮೇಲೆ ಚೆಂಡು ಹೂ ಬೆಳೆಯುತ್ತಾರೆ. ಪ್ರವಾಸಿಗಳು ರಸ್ತೆ ಬದಿ ಕಾರು ನಿಲ್ಲಿಸಿ ಆ ಹಳದಿಯ ಮುಂದೆ ಫೋಟೊ ತೆಗೆಸಿಕೊಳ್ಳುತ್ತಾರೆ. ಆ ಹೂವಿನ ದರ ಹೂವಿನವನ ಕೈಯಲ್ಲಿರುವುದಿಲ್ಲ. ಅರಿಸಿನವಾದರೂ ಬೇಯಿಸಿ ಒಣಗಿಸಿ ಮೂಟೆ ಕಟ್ಟಿ ಇಟ್ಟುಕೊಳ್ಳಬಹುದು, ಈ ವರ್ಷ ಬೇಡವೆಂದರೆ ಮುಂದಿನ ವರ್ಷ. ಹಣ್ಣಾದ ದ್ರಾಕ್ಷಿ ನಾಳೆಗೂ ಕಾಯುವುದಿಲ್ಲ. ಇಂಥ ಬೆಳೆಯನ್ನು, ಮೊದಲ ಫಸಲಿಗೇ ಎರಡು ಮೂರು ವರ್ಷ ಕಾಯಬೇಕಾದ ಬೆಳೆಯನ್ನು, ಒಂದೂವರೆ ಎಕರೆಯ ರೈತನಿಗೆ ಹೊಸ ಬಾಳು ಎಂದು ತೋರಿಸುವುದರಲ್ಲಿ ಒಂದು ಬಗೆಯ ಕಣ್ಕಟ್ಟು ಇದೆ.

ಇಲ್ಲಿ ಇತಿಹಾಸದ ಒಂದು ವಿಚಿತ್ರವನ್ನು ಹೇಳಲೇಬೇಕು. ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘ ಎನ್ನುವುದು ನಮ್ಮಲ್ಲಿ ಇರಲೇ ಇಲ್ಲವೆ? ಇತ್ತು. 1959ರಲ್ಲಿ, ಸೆಟ್ಟೆಸೋಲಿ ಹುಟ್ಟಿದ ಮರುವರ್ಷವೇ, ಲಾಲ್‌ಬಾಗಿನ ಎಂ.ಎಚ್. ಮರಿಗೌಡರ ಒತ್ತಾಸೆಯಿಂದ ಬೆಂಗಳೂರಿನ ದ್ರಾಕ್ಷಿ ಬೆಳೆಗಾರರ ಸಹಕಾರ ಮಾರಾಟ ಮತ್ತು ಸಂಸ್ಕರಣ ಸಂಘ ಹುಟ್ಟಿತು. ಅದೇ ಮುಂದೆ ಹೆಸರು ಬದಲಿಸಿಕೊಂಡು ನಮಗೆಲ್ಲ ಗೊತ್ತಿರುವ ಹಾಪ್‌ಕಾಮ್ಸ್ ಆಯಿತು. ಬೀದಿ ಮೂಲೆಯ ಹಸಿರು ಮಳಿಗೆಯಲ್ಲಿ ಬದನೆಕಾಯಿ ಕೊಳ್ಳುವ ಎಷ್ಟು ಜನರಿಗೆ ಗೊತ್ತು, ಇದರ ಮೂಲಪುರುಷ ದ್ರಾಕ್ಷಿ ಎಂದು? ಹೆಸರಿನಲ್ಲೇ ಸಂಸ್ಕರಣೆ ಇತ್ತು. ಸಂಘ ತರಕಾರಿಯ ಕಡೆಗೆ ವಾಲಿತು. ಜ್ಯೂಸು ಮಾರಿತು, ವರ್ಷಕ್ಕೊಮ್ಮೆ ದ್ರಾಕ್ಷಿ ಮೇಳ ಹಾಕಿತು. ವೈನಿನ ತೊಟ್ಟಿಯ ಕಡೆ ತಿರುಗಲಿಲ್ಲ. ಆಗಿನ ಕಾಲದಲ್ಲಿ ಸಹಕಾರ ಸಂಘವೊಂದು ವೈನ್ ಮಾಡಲು ಹೊರಟಿದ್ದರೆ ಗಾಂಧಿವಾದಿಗಳು ಸುಮ್ಮನಿರುತ್ತಿರಲಿಲ್ಲ, ಒಪ್ಪುತ್ತೇನೆ. ಆದರೆ 2007ರಲ್ಲಿ ಸರ್ಕಾರವೇ ದ್ರಾಕ್ಷಾರಸವನ್ನು ಕೃಷಿಯ ಮಗು ಎಂದು ಒಪ್ಪಿಕೊಂಡಾಗ ಈ ಸಂಘದ ನೆನಪು ಯಾರಿಗೂ ಆಗಬೇಡವೆ? ನೀತಿ ಬಂದದ್ದು ವೈನರಿ ಕಟ್ಟುವವನ ಕಡೆ ಮುಖ ಮಾಡಿ. ಸುಂಕದ ರಿಯಾಯಿತಿ, ಪರವಾನಗಿಯ ಸಲೀಸು ಎಲ್ಲ ಬಂಡವಾಳ ಹೂಡುವವನಿಗೆ. ಬೆಳೆಗಾರ ಆ ನೀತಿಯಲ್ಲಿ ಹಣ್ಣು ಪೂರೈಸುವವನು. ತೊಟ್ಟಿಗೆ ಅವನು ಯಜಮಾನನಾಗಬಹುದು ಎಂಬ ಯೋಚನೆ ನೀತಿಯ ಪರ ಮಾತಾಡುವವರಿಗೂ ಬಂದಂತಿಲ್ಲ.

ತಳಿಯ ವಿಷಯದಲ್ಲಿ ನಮ್ಮ ವೈನ್ ಪಂಡಿತರ ಜಾತಿಬುದ್ಧಿಯನ್ನೂ ಸ್ವಲ್ಪ ನೋಡಬೇಕು. ಬೆಂಗಳೂರು ಬ್ಲೂ ಎಂದರೆ ಅವರಿಗೆ ತಾತ್ಸಾರ. ಅದು ಅಮೆರಿಕದ ಲಾಬ್ರಸ್ಕಾ ಕುಲದ್ದು, ಇಸಬೆಲ್ಲಾ ತಳಿಯ ಬಳಗ. ಅದರ ಗಮಲು ಸಭ್ಯವಲ್ಲ. ಯುರೋಪಿನ ಒಕ್ಕೂಟ ಇಸಬೆಲ್ಲಾದಿಂದ ಮಾಡಿದ ವೈನನ್ನು ಮಾರಲು ಬಿಡುವುದಿಲ್ಲ. ಬೆಂಗಳೂರು ಬ್ಲೂನಿಂದಾಗುವುದು ಅಗ್ಗದ ಸಿಹಿ ಪೋರ್ಟ್ ವೈನ್ ಅಷ್ಟೆ. ಇವೆಲ್ಲ ಸರಿ. ಆದರೆ ನಮ್ಮ ಮಳೆಗೆ, ನಮ್ಮ ರೋಗಕ್ಕೆ ಹೆದರದೆ ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರಗಳ ಚಪ್ಪರಗಳ ಮೇಲೆ ವರ್ಷಕ್ಕೆ ಎರಡು ಬೆಳೆ ಕೊಡುತ್ತಾ ಬಂದದ್ದು ಯಾವುದು? ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿರುವುದು ಯಾವುದಕ್ಕೆ? ಕ್ರಿಸ್‌ಮಸ್ಸಿಗೆ ಮುಂಚೆ ಬೆಂಗಳೂರಿನ ಎಷ್ಟೋ ಕ್ರೈಸ್ತ ಮನೆಗಳ ಜಾಡಿಗಳಲ್ಲಿ ಚಕ್ಕೆ ಲವಂಗದ ಜೊತೆ ಹುದುಗುವುದು ಯಾವುದು? ಅಟ್ಲಾಂಟಿಕ್ಕಿನ ಅಜೋರ್ಸ್ ದ್ವೀಪದವರು ಇದೇ ಇಸಬೆಲ್ಲಾದಿಂದ ಮಾಡಿದ ವೈನನ್ನು ತಮ್ಮ ಊರಹಬ್ಬಗಳಲ್ಲಿ ಕುಡಿಯುತ್ತಾರೆ, ಯಾವ ನಾಚಿಕೆಯೂ ಇಲ್ಲದೆ.

ಮೆಡಿಟರೇನಿಯನ್ ದ್ವೀಪಗಳಿಗೆ ಇತ್ತೀಚೆಗೆ ಮರ್ಯಾದೆ ಬಂದದ್ದು ಕೂಡ ಫ್ರೆಂಚ್ ತಳಿಗಳಿಂದಲ್ಲ. ಸಿಸಿಲಿ ತನ್ನ ನೆರೊ ದಾವೊಲಾ, ಎಟ್ನಾ ಬೆಟ್ಟದ ನೆರೆಲ್ಲೊ ಮಸ್ಕಲೇಸೆ ತಳಿಗಳಿಗೆ ಮರಳಿದ ಮೇಲೆ ಹೆಸರಾಯಿತು. ಗ್ರೀಸಿನ ಸ್ಯಾಂಟೊರಿನಿ ದ್ವೀಪದಲ್ಲಿ ಬಿರುಗಾಳಿಗೆ ಸಿಕ್ಕದಂತೆ ಬಳ್ಳಿಯನ್ನೇ ನೆಲದ ಮೇಲೆ ಕುಕ್ಕೆಯ ಹಾಗೆ ಸುತ್ತಿ, ಅದರೊಳಗೆ ಅಸ್ಸಿರ್ಟಿಕೊ ಗೊಂಚಲು ಬಚ್ಚಿಡುತ್ತಾರೆ. ಪಾಂಟೆಲೆರಿಯಾ ದ್ವೀಪದಲ್ಲಿ ಗುಂಡಿ ತೋಡಿ ಕುಳ್ಳ ಗಿಡವಾಗಿ ಬೆಳೆಸುವ ಬೇಸಾಯವನ್ನು ಯುನೆಸ್ಕೊ 2014ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಇವರೆಲ್ಲ ತಮ್ಮ ಗಾಳಿ, ತಮ್ಮ ಕಲ್ಲು, ತಮ್ಮ ಬಳ್ಳಿಗೆ ತಕ್ಕ ಬೇಸಾಯ ಮಾಡಿದರು. ಅವರನ್ನು ಅನುಸರಿಸುತ್ತೇವೆ ಎಂದು ನಾವು ಬೋರ್ಡೋದ ತಳಿ ನೆಟ್ಟೆವು!

ಕಮಾಂಡರಿಯಾ ಮಾಡುವ ಬಗೆ ಕೇಳಿ. ಕೊಯ್ದ ಗೊಂಚಲುಗಳನ್ನು ಬಯಲಿನಲ್ಲಿ ಹರವಿ ಒಂದು ವಾರಕ್ಕೂ ಮೇಲೆ ಬಿಸಿಲಿಗೆ ಬಾಡಿಸುತ್ತಾರೆ. ಸಕ್ಕರೆ ಗಟ್ಟಿಯಾದ ಮೇಲೆ ಹಿಂಡುತ್ತಾರೆ. ಒಣದ್ರಾಕ್ಷಿಯ ರಾಜಧಾನಿಯನ್ನು ವಿಜಯಪುರದಲ್ಲಿ ಇಟ್ಟುಕೊಂಡಿರುವ ನಾಡಿಗೆ ಈ ದಾರಿ ಹೊಳೆಯಬಾರದೆ? ಇದ್ದಕ್ಕಿದ್ದಂತೆ ಆಗುವ ಕೆಲಸವಲ್ಲ. ನಮ್ಮ ಮಣೂಕಕ್ಕೆ ಹಸಿರು ಬಣ್ಣ ಉಳಿಯಲೆಂದು ಎಣ್ಣೆ, ಪೊಟ್ಯಾಸಿಯಂ ಕಾರ್ಬೊನೇಟ್ ಬೆರೆಸಿದ ನೀರಿನಲ್ಲಿ ಅದ್ದಿ, ನೆರಳಿನಲ್ಲಿ ಒಣಗಿಸುತ್ತಾರೆ. ಅದು ನೇರವಾಗಿ ತೊಟ್ಟಿಗೆ ಬಾರದು. ಆದರೆ ಒಣಗಿಸುವ ಶೆಡ್ಡು, ಕೈ ಪಳಗಿದ ಆಳು, ಹಣ್ಣಿನ ಬ್ರಿಕ್ಸ್ (ಸಕ್ಕರೆಯ ಪ್ರಮಾಣ) ಅಳೆಯುವ ರೂಢಿ ಎಲ್ಲ ಇದೆ. ಇನ್ನೂ ಮೋಜಿನ ಮಾತೆಂದರೆ ಒಣದ್ರಾಕ್ಷಿಯ ವೈನ್ ನಮ್ಮಲ್ಲಿ ಯಾವತ್ತಿನಿಂದಲೋ ಇದೆ. ಒಣದ್ರಾಕ್ಷಿ, ಬೆಲ್ಲ, ಧಾತಕಿ ಹೂ ಹಾಕಿ ಹುದುಗಿಸಿದ ದ್ರಾಕ್ಷಾರಿಷ್ಟ, ದ್ರಾಕ್ಷಾಸವಗಳು ಯಾವ ಆಯುರ್ವೇದದ ಅಂಗಡಿಯಲ್ಲಿ ಕೇಳಿದರೂ ಸಿಗುತ್ತವೆ. ಊಟವಾದ ಮೇಲೆ ಎರಡು ಚಮಚ ಎಂದು ಶೀಶೆಯ ಮೇಲೆ ಬರೆದಿರುವುದರಿಂದ ಕಟ್ಟಾ ಮಡಿವಂತರೂ ನಿಶ್ಚಿಂತರು.

ಮಡಿವಂತಿಕೆಯ ಮಾತು ಬಂದದ್ದರಿಂದ ಅದನ್ನೂ ಮುಟ್ಟಬೇಕು. ವೈನ್ ಬೆಳೆಯದಿರುವುದಕ್ಕೆ ಜನರ ಮಡಿಯೇ ಕಾರಣ ಎನ್ನುವುದು ಸುಲಭದ ವಾದ. ನಾನು ನೋಡುವುದು ಬೇರೆ. 2004ರಲ್ಲಿ ಈ ರಾಜ್ಯದಲ್ಲಿ ಸೇಂದಿ ನಿಂತಿತು. ಕರಾವಳಿಯ ಒಂದಿಷ್ಟು ಕಡೆ ಬಿಟ್ಟರೆ ಈಚಲ ಮರ ಹತ್ತುವ ಕಸುಬೇ ಹೋಯಿತು. 2007ರ ಜುಲೈಯಲ್ಲಿ ಸಾರಾಯಿ ನಿಷೇಧವಾಯಿತು. ಅದೇ 2007ರಲ್ಲಿ ವೈನಿಗೆ ರಿಯಾಯಿತಿಯ ನೀತಿ ಬಂತು. ಸಾರಾಯಿ ನಿಂತದ್ದಕ್ಕೆ ನನಗೆ ದುಃಖವಿಲ್ಲ. ಅದು ಎಷ್ಟು ಮನೆ ಹಾಳುಮಾಡಿತೆಂದು ನಮ್ಮ ಕಡೆಯ ಹೆಂಗಸರಿಗೆ ಗೊತ್ತು. ಆದರೆ ಮರ ಹತ್ತುವವನು ಇಳಿಸಿದ್ದು ಅಮಲು, ಎಸ್ಟೇಟಿನವನು ಹಿಂಡಿದ್ದು ಕೃಷಿ ಉತ್ಪನ್ನ ಎಂಬ ಈ ತಾರತಮ್ಯವನ್ನು ಮಡಿ ಎಂದು ಕರೆಯುವುದು ಹೇಗೆ? ಸೈಪ್ರಸ್ ಯುರೋಪಿನ ಒಕ್ಕೂಟ ಸೇರಿದ್ದು 2004ರಲ್ಲೇ. ದ್ರಾಕ್ಷಿ ಹಿಂಡಿದ ಚರಟದಿಂದ ಹಳ್ಳಿಗರು ಭಟ್ಟಿಯಿಳಿಸುವ ಜಿವಾನಿಯಾ ಎಂಬ ಪೇಯಕ್ಕೆ, ಇದು ನಮ್ಮದು, ಹೆಸರು ಬೇರೆಯವರು ಬಳಸಕೂಡದು ಎಂದು ಆ ದ್ವೀಪ ಆಗ ಕಾಯ್ದೆಯ ರಕ್ಷಣೆ ದೊರಕಿಸಿಕೊಂಡಿತು. ದ್ವೀಪದ ಮಾದರಿ ಎನ್ನುವವರು ಈ ಪುಟವನ್ನು ಹಾರಿಸಿ ಓದುತ್ತಾರೆ.

ನನ್ನ ವಾದಕ್ಕೂ ಎದುರು ಮಾತುಗಳಿವೆ, ಮರೆಸುವುದಿಲ್ಲ. ಹಾಲು ದಿನಾ ಕರೆಯುವ ವಸ್ತು, ದ್ರಾಕ್ಷಿ ವರ್ಷಕ್ಕೊಮ್ಮೆ, ಹೆಚ್ಚೆಂದರೆ ಎರಡು ಸಲ ಬರುವ ಫಸಲು. ಡೈರಿಯ ಬಟವಾಡೆಯ ಕ್ರಮ ವೈನಿಗೆ ಹಾಗೇ ಹೊಂದದು. ವೈನ್ ಮಾರಾಟವಾಗಿ ದುಡ್ಡು ಬರಲು ತಿಂಗಳುಗಟ್ಟಲೆ, ಕೆಲವಕ್ಕೆ ವರ್ಷಗಟ್ಟಲೆ ಬೇಕು. ಅಷ್ಟು ದಿನ ಸದಸ್ಯನಿಗೆ ಮುಂಗಡ ಕೊಡಬಲ್ಲ ಬ್ಯಾಂಕು ಬೆನ್ನಿಗಿರಬೇಕು. ಸಹಕಾರ ಸಂಘದೊಳಗೆ ಚುನಾವಣೆ, ಬಣ, ಜಾತಿ ಲೆಕ್ಕಾಚಾರ ಹೊಕ್ಕರೆ ಏನಾಗುತ್ತದೆಂದು ನಮ್ಮ ಸಕ್ಕರೆ ಸಂಘಗಳ ಕಥೆಯೇ ಹೇಳುತ್ತದೆ. ಹುಳಿಯಾದ ಹಾಲನ್ನು ಮೂಸಿದರೆ ಗೊತ್ತಾಗುತ್ತದೆ. ವೈನ್ ಕೆಟ್ಟದ್ದು ಗೊತ್ತಾಗಲು ಪಳಗಿದ ಮೂಗು ಬೇಕು, ಅಂಥವರ ಸಂಬಳ ಸಂಘಕ್ಕೆ ಎಟುಕಬೇಕು. ಇವು ಸಣ್ಣ ತೊಡಕುಗಳಲ್ಲ. ಆದರೆ ಸೆಟ್ಟೆಸೋಲಿಗೂ ಸೋಡಾಪಿಗೂ ಇದ್ದದ್ದು ಇವೇ ತೊಡಕುಗಳು. ಮುಂಗಡದ ಉತ್ತರ ಸಿಸಿಲಿಯಲ್ಲಿ ಸಿಕ್ಕಿದೆ: ಕೊಯ್ಲಿನ ಹೊತ್ತಿಗೆ ಒಂದು ಕಂತು, ಮಾರಾಟವಾದ ಹಾಗೆ ಉಳಿದ ಕಂತುಗಳು.

ಆದ್ದರಿಂದ ಕಾವೇರಿ ಕಣಿವೆಯಲ್ಲಿ ದ್ರಾಕ್ಷಿ ಹಾಕಿ ಎಂದು ಮುಂದೆ ಯಾರಾದರೂ ಸಂತೇಮರಹಳ್ಳಿಗೋ ಕುದೇರಿಗೋ ಬಂದರೆ ಅವರ ಕೈಯಲ್ಲಿರುವ ತಳಿಯ ಪಟ್ಟಿಯನ್ನು ನೋಡುವ ಮುಂಚೆ ಕೇಳಬೇಕಾದ್ದು ಮೂರು ಮಾತು. ವೈನರಿಯ ಪರವಾನಗಿ ಬೆಳೆಗಾ­ರರ ಸಂಘದ ಹೆಸರಿನಲ್ಲಿ ಸಿಗುತ್ತದೆಯೆ, ಅದರ ಶುಲ್ಕ ಒಂದೂವರೆ ಎಕರೆಯವರು ಕೂಡಿ ಹೊರುವಷ್ಟಿದೆಯೆ? ಹಣ್ಣಿಗೆ ದರ ಕಟ್ಟುವಾಗ ಬ್ರಿಕ್ಸ್ ಅಳೆಯುವ ಯಂತ್ರ ಯಾರ ಕೈಯಲ್ಲಿರುತ್ತದೆ? ವೈನ್ ಮಾರಾಟವಾಗದ ವರ್ಷ ಅದೇ ಹಣ್ಣು ಜ್ಯೂಸಿಗೋ ಒಣಗಿಸಲಿಕ್ಕೋ ತಿರುಗುವಂಥ ತಳಿಯೆ? ಮೂರಕ್ಕೂ ಒಪ್ಪುವಂಥ ಉತ್ತರ ಕಾಗದದಲ್ಲಿ ಬಂದ ದಿನ, ಕಲ್ಲುಕಂಬದ ಲಾರಿಗೆ ಹೇಳಿ ಕಳಿಸಬಹುದು. ಅಲ್ಲಿಯವರೆಗೆ ಬಾಳೆ, ಅರಿಸಿನ, ಸಾಂಬಾರ್ ಈರುಳ್ಳಿಗಳ ಜೂಜೇ ವಾಸಿ. ಅವಕ್ಕೆ ಕೊನೇಪಕ್ಷ ಸಂತೆಯಲ್ಲಿ ಇಬ್ಬರು ಗಿರಾಕಿಗಳಿದ್ದಾರೆ.